ವಿಶ್ವೇಶ್ವರಯ್ಯನವರೂ ಭದ್ರಾವತಿಯ ಉಕ್ಕೂ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೇಳಿದೊಡನೆ ನಮಗೆ ಕನ್ನಂಬಾಡಿಯ ಕಟ್ಟೆ ನೆನಪಾಗುತ್ತದೆ. ಅದು ಸಹಜವೇ. ನೀರು ಕಣ್ಣಿಗೆ ಕಾಣುತ್ತದೆ, ಗದ್ದೆಗೆ ಹರಿಯುತ್ತದೆ, ಅದರ ಫಲವನ್ನು ಜನ ಉಣ್ಣುತ್ತಾರೆ. ಆದರೆ ಆ ಮಹನೀಯರು ಬೆಂಕಿ ಮತ್ತು ಲೋಹದ ನಡುವೆ ನಡೆಸಿದ ಕೆಲಸ ಅಷ್ಟಾಗಿ ಜನರ ಬಾಯಲ್ಲಿಲ್ಲ. ಅದು ನಷ್ಟದ ಲೆಕ್ಕದೊಡನೆ ಆರಂಭವಾದ ಕೆಲಸ. ಆ ಭಾಗವನ್ನೇ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪದವಿ ಪಡೆದರು. ಎಂಜಿನಿಯರ್ ಆಗುವುದಕ್ಕೆ ಮೊದಲು ಅವರೂ ನಮ್ಮ ಹಾಗೆ ಬಿ.ಎ. ವಿದ್ಯಾರ್ಥಿಯೇ ಆಗಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಈ ಸಂಗತಿ ನನಗೆ ಬಹಳ ಧೈರ್ಯ ಕೊಟ್ಟಿದೆ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದು, 1912ರಿಂದ 1918ರವರೆಗೆ ದಿವಾನರಾಗಿದ್ದರು.

ಮಲೆನಾಡಿನ ಅದಿರು ಮಣ್ಣಾಗಿಯೇ ಉಳಿಯಬಾರದೆಂಬುದು ಅವರ ಹಂಬಲವಾಗಿದ್ದಿತು. ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರು ಹೇರಳವಾಗಿದ್ದಿತು. ಆದರೆ ಅದನ್ನು ಕರಗಿಸುವುದಕ್ಕೆ ಮೈಸೂರಿನಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡು ಮಾತ್ರ ಇದ್ದಿತು. ಆದ್ದರಿಂದ ಮರದ ಇದ್ದಲಿನಿಂದಲೇ ಕುಲುಮೆ ನಡೆಸುವುದೆಂದು ಯೋಜನೆಯಾಯಿತು. ಭದ್ರಾ ನದಿಯ ದಡದಲ್ಲಿ, ಹಿಂದೆ ಬೆಂಕಿಪುರವೆಂದು ಹೆಸರಿದ್ದ ಭದ್ರಾವತಿಯಲ್ಲಿ, ಕಾರ್ಖಾನೆ ಎದ್ದಿತು. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದಿತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿದ್ದಿತು. ಕಾರ್ಖಾನೆ ನಷ್ಟಕ್ಕೆ ಬಿದ್ದಿತು. ರಾಜ್ಯದ ಹಣವನ್ನು ಬೆಂಕಿಗೆ ಹಾಕಿದರೆಂದು ಟೀಕೆ ಕೇಳಿಬಂದಿತು. ಆಗ ವಿಶ್ವೇಶ್ವರಯ್ಯನವರು ದಿವಾನ್ ಪದವಿ ಬಿಟ್ಟು ಐದು ವರ್ಷಗಳಾಗಿದ್ದವು, ವಯಸ್ಸು ಅರುವತ್ತು ದಾಟಿದ್ದಿತು. ದೂರ ನಿಂತಿದ್ದರೆ ಯಾರೂ ಕೇಳುವಂತಿರಲಿಲ್ಲ. ಆದರೂ ಅವರು 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, 1929ರವರೆಗೆ ಆ ಹೊರೆ ಹೊತ್ತರು. ವೆಚ್ಚ ತಗ್ಗಿಸಿದರು. ವಿದೇಶಿಯರ ಕೈಯಲ್ಲಿದ್ದ ಕೆಲಸಗಳಿಗೆ ನಮ್ಮವರನ್ನು ತರಬೇತು ಮಾಡಿದರು. 1936ರಲ್ಲಿ ಅಲ್ಲಿ ಉಕ್ಕು ತಯಾರಾಗತೊಡಗಿತು. ಮುಂದೆ ಫೆರೋಸಿಲಿಕಾನ್ ಬಂದಿತು, 1960ರ ದಶಕದಲ್ಲಿ ಮಿಶ್ರಲೋಹದ ಉಕ್ಕಿನ ಕಡೆಗೆ ಕಾರ್ಖಾನೆ ತಿರುಗಿತು.

ಮಿಶ್ರಲೋಹವೆಂದರೆ ಅಂಥ ವಿಶೇಷವೇನು ಎಂದು ನಮ್ಮ ಕಲಾ ವಿಭಾಗದವರು ಕೇಳಬಹುದು. ಬೆಂಗಳೂರು–ಮಂಗಳೂರು ಹೆದ್ದಾರಿ ನಮ್ಮ ಆಲೂರು ತಾಲ್ಲೂಕನ್ನು ಹಾದು, ಸಕಲೇಶಪುರ ದಾಟಿ, ಶಿರಾಡಿ ಘಾಟಿಗೆ ಇಳಿಯುತ್ತದೆ. ಆ ಘಾಟಿಯನ್ನು ಹೊರೆಯೊಡನೆ ಹತ್ತುವ ಇಂದಿನ ಲಾರಿಗಳ ಎಂಜಿನ್ನಿನಲ್ಲಿ ಟರ್ಬೊಚಾರ್ಜರ್ ಎಂಬ ಯಂತ್ರವಿದೆ. ಲಾರಿ ಮೆಕ್ಯಾನಿಕ್ಕಾದ ನನ್ನ ಸೋದರಮಾವ ಒಮ್ಮೆ ಅದನ್ನು ಬಿಚ್ಚಿ ತೋರಿಸಿದರು. ಒಳಗಿನ ಗಾಲಿ ಅಂಗೈಯಲ್ಲಿ ಹಿಡಿಯುವಷ್ಟೇ ಚಿಕ್ಕದು. ಎಂಜಿನ್ನಿನಿಂದ ಹೊರಬೀಳುವ ಬಿಸಿಹೊಗೆ ಆ ಗಾಲಿಯನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಗಾಲಿ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ಕೊಡುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬವರು 1905ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದರು.

ಆ ಹೊಗೆಯ ಶಾಖ 700 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಏರುವುದುಂಟು. ಗಾಲಿ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗುತ್ತದೆ. ಸಾಧಾರಣ ಉಕ್ಕು ಆ ಶಾಖದಲ್ಲಿ ಮೆತ್ತಗಾಗಿ ಹಿಗ್ಗುತ್ತದೆ, ಮೇಲ್ಮೈ ಹಕ್ಕಳೆಗಟ್ಟಿ ಉದುರುತ್ತದೆ. ಆದುದರಿಂದ ಗಾಲಿಗೆ ನಿಕ್ಕಲ್ ಪ್ರಧಾನವಾದ ಮಿಶ್ರಲೋಹ ಬೇಕು. ಅಂಥದೊಂದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ನಿಕ್ಕಲ್, ಸುಮಾರು 13 ಪಾಲು ಕ್ರೋಮಿಯಂ, 6 ಪಾಲು ಅಲ್ಯೂಮಿನಿಯಂ ಇರುತ್ತವೆ. ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಲೋಹದ ಮೇಲೆ ತೆಳುವಾದ ಪೊರೆ ಕಟ್ಟಿ ಒಳಗನ್ನು ಕಾಯುತ್ತವೆ. ಗಾಲಿಯ ಸುತ್ತಿನ ಕವಚಕ್ಕೆ ಸಿಲಿಕಾನ್ ಮತ್ತು ಮಾಲಿಬ್ಡಿನಂ ಬೆರೆಸಿದ ಎರಕದ ಕಬ್ಬಿಣವನ್ನು ಬಳಸುವುದುಂಟು. ಕಬ್ಬಿಣಕ್ಕೆ ಸಿಲಿಕಾನನ್ನು ಸೇರಿಸುವುದು ಫೆರೋಸಿಲಿಕಾನಿನ ಮೂಲಕ. ಕ್ರೋಮಿಯಂ ದೊರೆಯುವ ಕ್ರೋಮೈಟ್ ಅದಿರು ನಮ್ಮ ಹಾಸನ ಜಿಲ್ಲೆಯಲ್ಲೇ, ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದ ನೆಲದಲ್ಲಿದೆ.

ವಿಶ್ವೇಶ್ವರಯ್ಯನವರ ಕಾಲದ ಭದ್ರಾವತಿ ಇಂಥ ಗಾಲಿಯನ್ನು ಮಾಡಲಿಲ್ಲ, ಮಾಡುವಂತೆಯೂ ಇರಲಿಲ್ಲ. ಆದರೆ ಕಬ್ಬಿಣ ಕರಗಿಸಲು ಬಾರದ ನಾಡಿಗೆ ಉಕ್ಕು ಬಾರದು. ಉಕ್ಕು ಬಾರದ ನಾಡಿಗೆ ಮಿಶ್ರಲೋಹವೂ ಬಾರದು. ಅವರು ಹಾಕಿಕೊಟ್ಟದ್ದು ಕೆಳಗಿನ ಮೆಟ್ಟಿಲು. ಮೇಲಿನ ಮೆಟ್ಟಿಲನ್ನೂ ಅವರು ಕಂಡಿದ್ದರು. 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಗೂಡಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ಬೆಂಗಳೂರಿನಲ್ಲಿ ನೆಲೆಗೊಳ್ಳಲಿಲ್ಲ. 1940ರಲ್ಲಿ ಅದೇ ವಾಲ್‌ಚಂದರು ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಮೋಟಾರು ಕಾರ್ಖಾನೆ 1944ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಭದ್ರಾವತಿಯ ಸೇವೆಗೆಂದು ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸಬು ಕಲಿಸುವ ಶಾಲೆಗೆ ಅದನ್ನು ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಮಹಾರಾಜ ಜಯಚಾಮರಾಜೇಂದ್ರರ ಹೆಸರಿಡಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1962ರ ಏಪ್ರಿಲಿನಲ್ಲಿ, ನೂರು ದಾಟಿದ ಮೇಲೆ, ಅವರು ತೀರಿಕೊಂಡರು.

ಮುಂದೆ ಕಾರ್ಖಾನೆಗೆ ಅವರ ಹೆಸರನ್ನೇ ಇಟ್ಟರು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದೊಡನೆ ವಿಲೀನವಾಯಿತು. 2023ರ ಜನವರಿಯಲ್ಲಿ ಪ್ರಾಧಿಕಾರದ ಮಂಡಳಿ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಾಗ ಕಾರ್ಮಿಕರು ಹೋರಾಟಕ್ಕೆ ಇಳಿದರು. ನಷ್ಟದ ಲೆಕ್ಕ ಸುಳ್ಳೆಂದು ನಾನು ಹೇಳಲಾರೆ. ಆದರೆ 1923ರಲ್ಲಿಯೂ ಲೆಕ್ಕದ ಪುಸ್ತಕ ಅದನ್ನೇ ಹೇಳುತ್ತಿದ್ದಿತು. ಅಂದು ಆ ಪುಸ್ತಕವನ್ನು ಓದಿದ ವೃದ್ಧರೊಬ್ಬರು ಕುಲುಮೆ ಆರಿಸಲಿಲ್ಲ. ನಮ್ಮವರಿಗೆ ಕೆಲಸ ಕಲಿಸಿದರು. ಒಂದು ವಿದ್ಯೆ ನೆಲದಲ್ಲಿ ಬೇರೂರಲು ಒಂದು ತಲೆಮಾರು ಬೇಕಾಗುತ್ತದೆ. ಮನೆಗೆ ಮೊದಲ ಪದವೀಧರರಾಗಿ ಹೊರಡುತ್ತಿರುವ ನಮ್ಮಂಥವರಿಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.