ರಾಮ್ ಗೋಪಾಲ್ (ನೃತ್ಯ ಕಲಾವಿದ)

ರಾಮ್ ಗೋಪಾಲ್ (20 ನವೆಂಬರ್ 1912 – 12 ಅಕ್ಟೋಬರ್ 2003) ಬೆಂಗಳೂರಿನಲ್ಲಿ ಜನಿಸಿದ ಭಾರತೀಯ ನೃತ್ಯ ಕಲಾವಿದರು ಹಾಗೂ ನೃತ್ಯ ಸಂಯೋಜಕರು. ಇವರ ಪೂರ್ಣ ಹೆಸರು ಬಿಸ್ಸಾನೊ ರಾಮ್ ಗೋಪಾಲ್. ಭರತನಾಟ್ಯ, ಕಥಕಳಿ ಮತ್ತು ಕಥಕ್ ಪದ್ಧತಿಗಳನ್ನು ಅಭ್ಯಾಸ ಮಾಡಿದ್ದ ಇವರು 1930ರ ದಶಕದ ಉತ್ತರಾರ್ಧದಿಂದ ಯುರೋಪ್ ಮತ್ತು ಅಮೆರಿಕದ ರಂಗಮಂದಿರಗಳಲ್ಲಿ ಪ್ರದರ್ಶನ ನೀಡಿದರು. ಉದಯಶಂಕರ್ ಅವರೊಂದಿಗೆ, ಭಾರತೀಯ ನೃತ್ಯವನ್ನು ಪಾಶ್ಚಾತ್ಯ ಪ್ರೇಕ್ಷಕರಿಗೆ ಪರಿಚಯಿಸಿದ ಮೊದಲ ತಲೆಮಾರಿನ ಕಲಾವಿದರಲ್ಲಿ ಇವರನ್ನು ಎಣಿಸಲಾಗುತ್ತದೆ.

ಜನನ ಮತ್ತು ಬಾಲ್ಯ

ರಾಮ್ ಗೋಪಾಲ್ ಅವರ ತಂದೆ ರಜಪೂತ ಮನೆತನಕ್ಕೆ ಸೇರಿದ ಬ್ಯಾರಿಸ್ಟರ್. ತಾಯಿ ಬರ್ಮಾ ದೇಶದವರು. ಕುಟುಂಬವು ಬೆಂಗಳೂರಿನಲ್ಲಿ ‘ಟಾರ್ಕಿ ಕ್ಯಾಸಲ್’ ಎಂಬ ದೊಡ್ಡ ಬಂಗಲೆಯಲ್ಲಿ ವಾಸವಾಗಿತ್ತು. ಮಗನೂ ತಮ್ಮಂತೆ ವಕೀಲನಾಗಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಬಾಲಕನ ಒಲವು ಮಾತ್ರ ನೃತ್ಯದ ಕಡೆಗಿತ್ತು.

ಆ ಕಾಲದಲ್ಲಿ ಸುಶಿಕ್ಷಿತ ಮನೆತನದ ಹುಡುಗನೊಬ್ಬ ನೃತ್ಯವನ್ನು ವೃತ್ತಿಯಾಗಿ ಸ್ವೀಕರಿಸುವುದು ಸುಲಭವಾಗಿರಲಿಲ್ಲ. ಮೈಸೂರು ಸಂಸ್ಥಾನವು 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಸದಿರ್ ನೃತ್ಯವನ್ನು ಕೈಬಿಡಬೇಕೆಂಬ ಚಳವಳಿಯೂ, ಅದನ್ನು ಉಳಿಸಿಕೊಳ್ಳಬೇಕೆಂಬ ಪ್ರಯತ್ನವೂ ಏಕಕಾಲದಲ್ಲಿ ನಡೆದಿದ್ದವು. ಸ್ತ್ರೀಯರ ಪರಂಪರೆಯಲ್ಲಿ ಬೆಳೆದುಬಂದ ಈ ನೃತ್ಯವನ್ನು ಪುರುಷನೊಬ್ಬ ವೇದಿಕೆಯ ಮೇಲೆ ಏಕವ್ಯಕ್ತಿ ಕಲೆಯಾಗಿ ಪ್ರದರ್ಶಿಸುವುದು ಅಪರೂಪದ ಸಂಗತಿಯಾಗಿತ್ತು. ಇಂತಹ ಸಂದರ್ಭದಲ್ಲಿ ಮೈಸೂರು ರಾಜಮನೆತನದಿಂದ ದೊರೆತ ಪ್ರೋತ್ಸಾಹವು ರಾಮ್ ಗೋಪಾಲ್ ಅವರಿಗೆ ನೆರವಾಯಿತು.

ನೃತ್ಯ ಶಿಕ್ಷಣ

ರಾಮ್ ಗೋಪಾಲ್ ಕಥಕಳಿಯನ್ನು ಗುರು ಕುಂಜು ಕುರುಪ್ ಅವರಲ್ಲಿ ಕಲಿತರು. ಭರತನಾಟ್ಯವನ್ನು ತಂಜಾವೂರು ಪ್ರದೇಶದ ಪಂದನಲ್ಲೂರಿನ ಪ್ರಸಿದ್ಧ ನಟ್ಟುವನಾರ್ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಅಭ್ಯಾಸ ಮಾಡಿದರು. ಮುಂದೆ ಕಥಕ್ ನೃತ್ಯದ ಶಿಕ್ಷಣವನ್ನೂ ಪಡೆದರು.

ಕಥಕಳಿಯ ಮುಖಾಭಿನಯ ಮತ್ತು ವೀರ, ರೌದ್ರ ಭಾವಗಳ ನಿರೂಪಣೆ, ಪಂದನಲ್ಲೂರು ಶೈಲಿಯ ಅಡವುಗಳ ಶುದ್ಧ ರೇಖೆ, ಕಥಕ್‌ನ ಚಕ್ಕರ್ ಹಾಗೂ ಪಾದಗತಿ ಇವು ಮೂರೂ ಅವರ ಕಾರ್ಯಕ್ರಮಗಳಿಗೆ ಆಧಾರವಾದವು. ಉದಯಶಂಕರ್ ಯಾವುದೇ ಒಂದು ಶಾಸ್ತ್ರೀಯ ಪದ್ಧತಿಗೆ ಕಟ್ಟುಬೀಳದೆ ತಮ್ಮದೇ ಆದ ಶೈಲಿಯನ್ನು ರೂಪಿಸಿಕೊಂಡರು. ರಾಮ್ ಗೋಪಾಲ್ ಪರಂಪರಾಗತ ಗುರುಗಳಿಂದ ಕಲಿತ ಪದ್ಧತಿಗಳನ್ನೇ ಆಧರಿಸಿ, ಅವುಗಳನ್ನು ಆಧುನಿಕ ರಂಗಮಂದಿರಕ್ಕೆ ಹೊಂದುವಂತೆ ಪ್ರಸ್ತುತಪಡಿಸಿದರು. ಇಬ್ಬರ ನಡುವಿನ ಮುಖ್ಯ ವ್ಯತ್ಯಾಸವಿದು.

ವಿದೇಶ ಪ್ರವಾಸಗಳು

1930ರ ದಶಕದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ನರ್ತಕಿ ಲಾ ಮೆರಿ ಅವರು ರಾಮ್ ಗೋಪಾಲ್ ಅವರ ಪ್ರತಿಭೆಯನ್ನು ಗುರುತಿಸಿ ತಮ್ಮ ಪ್ರವಾಸದಲ್ಲಿ ಸೇರಿಸಿಕೊಂಡರು. ಏಷ್ಯಾದ ಹಲವು ದೇಶಗಳಲ್ಲಿ ಅವರೊಡನೆ ಪ್ರದರ್ಶನ ನೀಡಿದ ಬಳಿಕ ರಾಮ್ ಗೋಪಾಲ್ ಸ್ವತಂತ್ರ ಕಲಾವಿದರಾಗಿ ಅಮೆರಿಕ ಮತ್ತು ಯುರೋಪ್‌ನತ್ತ ಮುಖಮಾಡಿದರು. ಪ್ಯಾರಿಸ್ ಮತ್ತು ವಾರ್ಸಾ ನಗರಗಳಲ್ಲಿ ಅವರ ನೃತ್ಯ ಮೆಚ್ಚುಗೆ ಗಳಿಸಿತು. ಪೋಲೆಂಡಿನ ವಿಮರ್ಶಕ ತಾದೆಉಷ್ ಜೆಲೆನ್‌ಸ್ಕಿ ಅವರನ್ನು ರಷ್ಯಾದ ಖ್ಯಾತ ಬ್ಯಾಲೆ ನರ್ತಕ ನಿಜಿನ್‌ಸ್ಕಿಗೆ ಹೋಲಿಸಿದರು. ಈ ಹೋಲಿಕೆ ಕೊನೆಯವರೆಗೂ ಅವರ ಹೆಸರಿನೊಂದಿಗೆ ಉಳಿಯಿತು.

1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಅನಂತರ ವಾಡ್‌ವಿಲ್ ಥಿಯೇಟರಿನಲ್ಲಿ ನಡೆದ ಪ್ರದರ್ಶನಕ್ಕೆ ರಾಣಿ ಮೇರಿ ಪ್ರೇಕ್ಷಕರಾಗಿ ಬಂದಿದ್ದರು. ಅವರ ಕೀರ್ತಿ ಏರುತ್ತಿದ್ದ ಇದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಯುರೋಪ್ ಪ್ರವಾಸ ಅಸಾಧ್ಯವಾದುದರಿಂದ ರಾಮ್ ಗೋಪಾಲ್ ಭಾರತಕ್ಕೆ ಹಿಂದಿರುಗಿದರು.

ಬೆಂಗಳೂರಿನ ನೃತ್ಯಶಾಲೆ

ಯುದ್ಧದ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲಿ ನೃತ್ಯಶಾಲೆಯನ್ನು ನಡೆಸಿದರು ಮತ್ತು ತಂಡ ಕಟ್ಟಿಕೊಂಡು ದೇಶದ ನಗರಗಳಲ್ಲಿ ಪ್ರದರ್ಶನ ನೀಡಿದರು. ಮುಂದೆ ಅಹಮದಾಬಾದಿನಲ್ಲಿ ‘ದರ್ಪಣ’ ಸಂಸ್ಥೆಯನ್ನು ಸ್ಥಾಪಿಸಿದ ಮೃಣಾಲಿನಿ ಸಾರಾಭಾಯಿ ಅವರು ವೃತ್ತಿಜೀವನದ ಆರಂಭದಲ್ಲಿ ರಾಮ್ ಗೋಪಾಲ್ ಅವರೊಂದಿಗೆ ನರ್ತಿಸಿದರು. ತಾರಾ ಚೌಧರಿ ಅವರೂ ಈ ತಂಡದಲ್ಲಿದ್ದರು. ಬೆಂಗಳೂರಿನ ಯು. ಎಸ್. ಕೃಷ್ಣರಾವ್ ನೃತ್ಯದ ಆರಂಭಿಕ ಪಾಠಗಳನ್ನು ಇವರಲ್ಲಿ ಕಲಿತು, ಬಳಿಕ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರಾದರು. ಕೃಷ್ಣರಾವ್ ಮತ್ತು ಅವರ ಪತ್ನಿ ಚಂದ್ರಭಾಗಾದೇವಿ ಕರ್ನಾಟಕದಲ್ಲಿ ಭರತನಾಟ್ಯದ ಬೋಧನೆಗೆ ದೀರ್ಘಕಾಲ ದುಡಿದರು.

ಯುದ್ಧಾನಂತರದ ವೃತ್ತಿಜೀವನ

ಯುದ್ಧ ಮುಗಿದ ಬಳಿಕ ರಾಮ್ ಗೋಪಾಲ್ ಮತ್ತೆ ಯುರೋಪಿಗೆ ತೆರಳಿದರು. 1948ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಪ್ರದರ್ಶನ ನೀಡಿದರು. ಮುಂದೆ ಕಥಕ್ ನೃತ್ಯ ಸಂಯೋಜಕಿಯಾಗಿ ಪ್ರಸಿದ್ಧರಾದ ಕುಮುದಿನಿ ಲಾಖಿಯಾ ಅವರು ತರುಣ ವಯಸ್ಸಿನಲ್ಲಿ ಈ ತಂಡದ ಸದಸ್ಯೆಯಾಗಿ ವಿದೇಶ ಪ್ರವಾಸ ಮಾಡಿದರು.

ಪಾಶ್ಚಾತ್ಯ ಪ್ರೇಕ್ಷಕರು ಪೂರ್ಣ ಪ್ರಮಾಣದ ವರ್ಣವನ್ನಾಗಲಿ ರಾತ್ರಿಯಿಡೀ ನಡೆಯುವ ಕಥಕಳಿಯನ್ನಾಗಲಿ ನೋಡುವ ಅಭ್ಯಾಸವುಳ್ಳವರಾಗಿರಲಿಲ್ಲ. ಆದುದರಿಂದ ರಾಮ್ ಗೋಪಾಲ್ ವಿವಿಧ ಪದ್ಧತಿಗಳ ಕಿರುನೃತ್ಯಗಳನ್ನು ಒಂದೇ ಸಂಜೆಯ ಕಾರ್ಯಕ್ರಮದಲ್ಲಿ ಜೋಡಿಸಿದರು. ಉಡುಗೆ, ಕಿರೀಟ, ಆಭರಣ ಮತ್ತು ಬೆಳಕಿನ ವಿನ್ಯಾಸಕ್ಕೆ ವಿಶೇಷ ಗಮನ ಕೊಟ್ಟರು. ಶಿವ ಮತ್ತು ಗರುಡನನ್ನು ಕುರಿತ ನೃತ್ಯಗಳು ಹಾಗೂ ‘ಡಾನ್ಸ್ ಆಫ್ ದಿ ಸೆಟ್ಟಿಂಗ್ ಸನ್’ ಅವರ ಜನಪ್ರಿಯ ಪ್ರಸ್ತುತಿಗಳಾಗಿದ್ದವು.

1956ರ ಎಡಿನ್‌ಬರೋ ಉತ್ಸವದಲ್ಲಿ ಅವರ ತಂಡವು ‘ಲೆಜೆಂಡ್ ಆಫ್ ದಿ ತಾಜ್ ಮಹಲ್’ ನೃತ್ಯರೂಪಕವನ್ನು ಪ್ರದರ್ಶಿಸಿತು. 1960ರಲ್ಲಿ ಬ್ರಿಟನ್ನಿನ ಪ್ರಖ್ಯಾತ ಬ್ಯಾಲೆ ನರ್ತಕಿ ಅಲಿಸಿಯಾ ಮಾರ್ಕೋವಾ ಅವರೊಂದಿಗೆ ‘ರಾಧಾ-ಕೃಷ್ಣ’ ಎಂಬ ಯುಗಳ ನೃತ್ಯವನ್ನು ಪ್ರಸ್ತುತಪಡಿಸಿದರು. ಎರಡು ಭಿನ್ನ ಪರಂಪರೆಗಳ ಅಗ್ರಗಣ್ಯ ಕಲಾವಿದರು ಒಂದೇ ವೇದಿಕೆಯಲ್ಲಿ ಸಮಾನರಾಗಿ ನರ್ತಿಸಿದುದು ಇದರ ವೈಶಿಷ್ಟ್ಯ.

1960ರ ದಶಕದ ಆರಂಭದಲ್ಲಿ ಅವರು ಲಂಡನ್ನಿನಲ್ಲಿ ಭಾರತೀಯ ನೃತ್ಯ ಮತ್ತು ಸಂಗೀತದ ಶಾಲೆಯನ್ನು ತೆರೆದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಬೆಂಗಳೂರಿನ ಶಾಲೆಯೂ ಶಾಶ್ವತ ಸಂಸ್ಥೆಯಾಗಿ ಬೆಳೆದಿರಲಿಲ್ಲ. ರುಕ್ಮಿಣಿದೇವಿಯವರ ಕಲಾಕ್ಷೇತ್ರದಂತೆ ತಲೆಮಾರುಗಳವರೆಗೆ ಬಾಳುವ ಸಂಸ್ಥೆಯೊಂದು ಅವರ ಹೆಸರಿನಲ್ಲಿ ಉಳಿಯದಿರುವುದು, ಮುಂದಿನ ವರ್ಷಗಳಲ್ಲಿ ತಾಯ್ನಾಡಿನಲ್ಲಿ ಅವರ ಹೆಸರು ಹಿನ್ನೆಲೆಗೆ ಸರಿಯಲು ಒಂದು ಕಾರಣವಾಯಿತು.

ಬರವಣಿಗೆ ಮತ್ತು ಚಲನಚಿತ್ರ

ಸೆರೋಜ್ ದಾದಾಚಾಂಜಿ ಅವರೊಂದಿಗೆ ಬರೆದ ‘ಇಂಡಿಯನ್ ಡಾನ್ಸಿಂಗ್’ ಪುಸ್ತಕವು 1951ರಲ್ಲಿ ಪ್ರಕಟವಾಯಿತು. ಇವರ ಆತ್ಮಕಥೆ ‘ರಿದಮ್ ಇನ್ ದಿ ಹೆವೆನ್ಸ್’ 1957ರಲ್ಲಿ ಹೊರಬಂದಿತು. ಭಾರತ ಮೂಲದ ನಿರ್ದೇಶಕಿ ಸಾರಾ ಎರುಲ್ಕರ್ ಅವರು ‘ಲಾರ್ಡ್ ಶಿವ ಡಾನ್ಸ್ಡ್’ ಎಂಬ ಸಾಕ್ಷ್ಯಚಿತ್ರದಲ್ಲಿ ರಾಮ್ ಗೋಪಾಲ್ ಅವರ ನೃತ್ಯವನ್ನು ಚಿತ್ರೀಕರಿಸಿದರು. ‘ದಿ ಪ್ಲಾಂಟರ್ಸ್ ವೈಫ್’ (1952) ಮತ್ತು ‘ದಿ ಪರ್ಪಲ್ ಪ್ಲೇನ್’ (1954) ಚಲನಚಿತ್ರಗಳಲ್ಲಿ ಅವರು ನಟಿಸಿದ್ದಾರೆ.

ಗೌರವಗಳು ಮತ್ತು ನಿಧನ

ಭಾರತದ ಸಂಗೀತ ನಾಟಕ ಅಕಾಡೆಮಿಯು 1990ರಲ್ಲಿ ರಾಮ್ ಗೋಪಾಲ್ ಅವರಿಗೆ ತನ್ನ ಅತ್ಯುನ್ನತ ಗೌರವವಾದ ಫೆಲೋಶಿಪ್ ನೀಡಿತು. 1999ರಲ್ಲಿ ಬ್ರಿಟಿಷ್ ಸರ್ಕಾರದಿಂದ ಒ.ಬಿ.ಇ. ಗೌರವ ದೊರೆಯಿತು. ಜೀವನದ ಕೊನೆಯ ವರ್ಷಗಳನ್ನು ಇಂಗ್ಲೆಂಡಿನಲ್ಲಿ ಕಳೆದ ಅವರು 2003ರ ಅಕ್ಟೋಬರ್ 12ರಂದು ಲಂಡನ್ನಿನ ಕ್ರಾಯ್ಡನ್‌ನಲ್ಲಿ ನಿಧನರಾದರು.

ಪುರುಷರು ಶಾಸ್ತ್ರೀಯ ನೃತ್ಯವನ್ನು ಪೂರ್ಣಾವಧಿ ವೃತ್ತಿಯಾಗಿ ಸ್ವೀಕರಿಸಲು ಸಾಧ್ಯವೆಂಬುದನ್ನು ತೋರಿಸಿದ ಆರಂಭಿಕ ಕಲಾವಿದರಲ್ಲಿ ರಾಮ್ ಗೋಪಾಲ್ ಪ್ರಮುಖರು. ಅವರ ಶಾಲೆಗಳು ಉಳಿಯದಿದ್ದರೂ, ಅವರೊಂದಿಗೆ ಕಲಿತು ನರ್ತಿಸಿದ ಮೃಣಾಲಿನಿ ಸಾರಾಭಾಯಿ, ಕುಮುದಿನಿ ಲಾಖಿಯಾ ಹಾಗೂ ಕೃಷ್ಣರಾವ್ ಮುಂತಾದವರು ಅಹಮದಾಬಾದ್ ಮತ್ತು ಬೆಂಗಳೂರುಗಳಲ್ಲಿ ಹಲವು ತಲೆಮಾರುಗಳ ಕಲಾವಿದರನ್ನು ತರಬೇತುಗೊಳಿಸಿದರು.