ವೀರ್ಯಾಣುವನ್ನು ಕಂಡ ಜವಳಿ ವ್ಯಾಪಾರಿ ಲೀವೆನ್‌ಹುಕ್

ಸೂಕ್ಷ್ಮಜೀವಿಗಳನ್ನು ಮೊದಲು ಕಂಡವರು ಯಾರೆಂದು ಕೇಳಿದರೆ ಶಾಲೆಯ ಮಕ್ಕಳೂ ಆಂಟೋನಿ ವಾನ್ ಲೀವೆನ್‌ಹುಕ್ ಎಂಬ ಹೆಸರು ಹೇಳುತ್ತಾರೆ. ಗಂಡಸಿನ ವೀರ್ಯದಲ್ಲಿ ಈಜಾಡುವ ಜೀವಕಣಗಳ ಸುದ್ದಿಯನ್ನು ಜಗತ್ತಿಗೆ ತಲುಪಿಸಿದವನೂ ಇವನೇ. ಆ ಭಾಗವನ್ನು ಮಾತ್ರ ಪಾಠ ಹೇಳುವವರು ಸಂಕೋಚದಿಂದ ದಾಟಿಸಿಬಿಡುತ್ತಾರೆ.

ಹುಟ್ಟಿದ್ದು 1632ರ ಅಕ್ಟೋಬರ್‌ನಲ್ಲಿ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ತಂದೆ ಬುಟ್ಟಿ ಹೆಣೆಯುವ ಕಸುಬಿನವರು, ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ಹದಿನಾರನೆಯ ವಯಸ್ಸಿಗೆ ಹುಡುಗ ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ಅಂಗಡಿ ಸೇರಿದ. 1654ರಲ್ಲಿ ಊರಿಗೆ ಮರಳಿ ಮದುವೆಯಾಗಿ ಸ್ವಂತ ಜವಳಿ ಅಂಗಡಿ ಇಟ್ಟ. ಐವರು ಮಕ್ಕಳಲ್ಲಿ ಉಳಿದವಳು ಮರಿಯಾ ಒಬ್ಬಳೇ. 1666ರಲ್ಲಿ ಹೆಂಡತಿಯೂ ಹೋದಳು; ಐದು ವರ್ಷದ ನಂತರ ಎರಡನೆಯ ಮದುವೆಯಾಯಿತು.

ನೂಲಿನ ಗುಣ ನೋಡಲು ಬಟ್ಟೆ ವ್ಯಾಪಾರಿಗಳು ಮಸೂರ ಬಳಸುತ್ತಿದ್ದರು. ಈತ ತಾನೇ ಪುಟ್ಟ ಮಸೂರಗಳನ್ನು ಮಾಡಿ ಲೋಹದ ತಗಡಿನ ನಡುವೆ ಕೂರಿಸಿದ. ಅಂಗೈಯೊಳಗೆ ಹಿಡಿಯುವ ಆ ಉಪಕರಣಗಳಲ್ಲಿ ಉಳಿದಿರುವ ಒಂದು, ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಲ್ಯಾಟಿನ್ ಬಾರದು. ಲಂಡನ್ನಿನ ರಾಯಲ್ ಸೊಸೈಟಿಗೆ 1673ರಿಂದ ಕೊನೆಯವರೆಗೂ ತನ್ನ ಡಚ್ ಭಾಷೆಯಲ್ಲೇ ಪತ್ರ ಬರೆದ. ಅನುವಾದಿಸಿಕೊಳ್ಳುವ ಕೆಲಸ ಅವರದಾಯಿತು!

1677ರಲ್ಲಿ ಹಾಮ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಗುಹ್ಯರೋಗಿಯೊಬ್ಬನ ಸ್ರಾವವನ್ನು ಸೀಸೆಯಲ್ಲಿ ತಂದುಕೊಟ್ಟ. ಅದರಲ್ಲಿ ಬಾಲವುಳ್ಳ ಜೀವಿಗಳಿದ್ದವು. ರೋಗದಿಂದ ಹುಟ್ಟಿದವೋ, ಕೊಳೆತದ್ದರಿಂದಲೋ? ಲೀವೆನ್‌ಹುಕ್ ಆರೋಗ್ಯವಂತನಾದ ತನ್ನ ವೀರ್ಯವನ್ನೇ, ಆರು ಬಾರಿ ನಾಡಿ ಮಿಡಿಯುವಷ್ಟರೊಳಗೆ ಮಸೂರದ ಕೆಳಗಿಟ್ಟ. ಅಲ್ಲೂ ಅವೇ, ಲೆಕ್ಕವಿಲ್ಲದಷ್ಟು, ಹಾವಿನಂತೆ ಬಾಲ ಬಳುಕಿಸುತ್ತ ಮುಂದೆ ಸಾಗುತ್ತಿದ್ದವು.

ಸೊಸೈಟಿಯ ಅಧ್ಯಕ್ಷರಿಗೆ ಪತ್ರ ಬರೆಯುವಾಗ ಆತನಿಗೂ ಮುಜುಗರವಾಗಿತ್ತು. ಮಾದರಿ ಪಾಪಕಾರ್ಯದಿಂದ ಬಂದದ್ದಲ್ಲ, ದಾಂಪತ್ಯದಿಂದ ಉಳಿದದ್ದು ಎಂದು ತಿಳಿಸಿದ. ಅಸಹ್ಯವೆನಿಸಿದರೆ ಪ್ರಕಟಿಸುವುದು ಬೇಡವೆಂದೂ ಕೇಳಿಕೊಂಡ. ಆದರೂ ನೋಡುವುದನ್ನು ಬಿಡಲಿಲ್ಲ. ನಾಯಿ, ಮೊಲ, ಮೀನು ಎಲ್ಲವನ್ನೂ ಪರೀಕ್ಷಿಸಿ, ಈ ಕಣಗಳು ವೃಷಣದಲ್ಲೇ ತಯಾರಾಗುತ್ತವೆಂದು ಕಂಡುಕೊಂಡ.

ಒಂದು ಕಡೆ ಮಾತ್ರ ಎಡವಿದ. ಮಗುವಾಗುವುದೆಲ್ಲ ಗಂಡಿನ ಕಣದಿಂದ, ಗರ್ಭ ಅದನ್ನು ಪೋಷಿಸುವ ನೆಲ ಮಾತ್ರ ಎಂದು ಹಟ ಹಿಡಿದ. ಬೀಜ-ಕ್ಷೇತ್ರದ ಮಾತು ಕೇಳಿ ಬೆಳೆದ ನಮಗೆ ಈ ತಪ್ಪು ಹೊಸದೇನಲ್ಲ. ಆದರೆ ಬೆಳೆ ಬರದಿದ್ದರೆ ದೂರು ಮಾತ್ರ ನೆಲದ ಮೇಲೆ! ಅಂಡ, ವೀರ್ಯಾಣು ಎರಡರ ಕೇಂದ್ರಗಳೂ ಕೂಡುತ್ತವೆಂದು ಹರ್ಟ್‌ವಿಗ್ ಎಂಬ ಜರ್ಮನ್ ವಿಜ್ಞಾನಿ ಕಡಲ ಜೀವಿಯೊಂದರಲ್ಲಿ ತೋರಿಸಿಕೊಟ್ಟಿದ್ದು 1876ರಲ್ಲಿ, ಸುಮಾರು ಇನ್ನೂರು ವರ್ಷಗಳ ನಂತರ.

ಇಂದಿನ ವೀರ್ಯ ಪರೀಕ್ಷೆ ಆ ಡೆಲ್ಫ್ಟ್ ಮನೆಯ ಕೆಲಸದ ಮುಂದುವರಿಕೆಯೇ. ಕಣಗಳೆಷ್ಟು, ಎಷ್ಟು ಚಲಿಸುತ್ತಿವೆ, ಆಕಾರ ಹೇಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಾದರಿ ಕೊಟ್ಟು ಒಂದು ಗಂಟೆಯೊಳಗೆ ನೋಡಬೇಕು. ಒಂದು ಮಿಲಿಲೀಟರಿಗೆ 1.6 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿ. ಅದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲವೆಂದಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಇಷ್ಟು ಸುಲಭದ ಪರೀಕ್ಷೆಗೆ ಗಂಡ ಹೋಗುವ ಹೊತ್ತಿಗೆ ಹೆಂಡತಿ ಹತ್ತು ಆಸ್ಪತ್ರೆ, ಹತ್ತು ಹರಕೆ ಮುಗಿಸಿರುತ್ತಾಳೆ.

1680ರಲ್ಲಿ ರಾಯಲ್ ಸೊಸೈಟಿ ಈ ಅಂಗಡಿಕಾರನನ್ನು ತನ್ನ ಸದಸ್ಯನನ್ನಾಗಿ ಆರಿಸಿತು. 1723ರ ಆಗಸ್ಟ್ 26ರಂದು ತೀರಿಕೊಂಡಾಗ ವಯಸ್ಸು ತೊಂಬತ್ತು. ಕೊನೆಯ ದಿನಗಳಲ್ಲಿ ತನ್ನನ್ನು ಕಾಡುತ್ತಿದ್ದ ಕಾಯಿಲೆಯ ಲಕ್ಷಣಗಳನ್ನೂ ಲಂಡನ್ನಿಗೆ ಬರೆದು ಕಳಿಸಿದ್ದ. ಕೊನೆಯವರೆಗೂ ಜೊತೆಗಿದ್ದ ಮಗಳು ಮರಿಯಾ, ತಂದೆಯ ಇಚ್ಛೆಯಂತೆ 26 ಬೆಳ್ಳಿಯ ಸೂಕ್ಷ್ಮದರ್ಶಕಗಳ ಪೆಟ್ಟಿಗೆಯನ್ನು ಸೊಸೈಟಿಗೆ ತಲುಪಿಸಿದಳು.