ಪುಸ್ತಕಪ್ರೇಮಿ ಡಾ. ಅಂಬೇಡ್ಕರ್



ಡಾ. ಬಿ. ಆರ್. ಅಂಬೇಡ್ಕರ್ ಅಂದ ಕೂಡಲೇ ನಮಗೆ ನೆನಪಾಗುವುದು ನೀಲಿ ಕೋಟು, ಕನ್ನಡಕ, ಕೈಯಲ್ಲಿ ಸಂವಿಧಾನ. ಪ್ರತಿ ವರ್ಷ ಏಪ್ರಿಲ್ 14ಕ್ಕೆ ಫೋಟೋಗೆ ಹಾರ ಹಾಕಿ ಭಾಷಣ ಮಾಡ್ತೀವಿ. ಹೋದ ಸಲ ನಾನೂ ಬಾಯಿಪಾಠ ಮಾಡಿ ಹೇಳಿದ್ದೆ. ಆದರೆ ಆ ಕೈ ಅದಕ್ಕೂ ಮುಂಚೆ ಎಷ್ಟು ಪುಸ್ತಕ ಹಿಡಿದಿತ್ತು, ಅದಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನೋದು ನನಗೆ ಗೊತ್ತಿರಲಿಲ್ಲ. ಈ ಸಲ ಗೋಡೆ ಪತ್ರಿಕೆಗೆ ಬರೆಯಲು ಗುರುಗಳು ಹೇಳಿದಾಗ, ಶಾಲೆಯ ಬೀರುವಿನಿಂದ ಅವರ ಜೀವನ ಚರಿತ್ರೆ ತಗೊಂಡು ಓದಿದೆ. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ್ದನ್ನು ಇಲ್ಲಿ ಬರೆದಿದ್ದೇನೆ.

ಅಂಬೇಡ್ಕರರು 1891ರ ಏಪ್ರಿಲ್ 14ರಂದು ಮಹೂ ಎಂಬ ದಂಡಿನ ಊರಿನಲ್ಲಿ ಹುಟ್ಟಿದರು. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು. ತಾಯಿ ಭೀಮಾಬಾಯಿ. ಹದಿನಾಲ್ಕು ಮಕ್ಕಳಲ್ಲಿ ಇವರೇ ಕೊನೆಯವರು. ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಸಾತಾರಾದ ಶಾಲೆಯಲ್ಲಿ ಜಾತಿಯ ಕಾರಣಕ್ಕೆ ಬೇರೆ ಕೂರಬೇಕಿತ್ತು. ಕೂರಲು ಗೋಣಿತಾಟು ಮನೆಯಿಂದಲೇ ಒಯ್ಯಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವಂತಿರಲಿಲ್ಲ, ಬೇರೆಯವರು ತಿರುಗಿಸಿದರೆ ಮಾತ್ರ ನೀರು.

ಆಮೇಲೆ ಮನೆಯವರು ಮುಂಬಯಿಗೆ ಬಂದರು. ಪರೇಲ್‌ನ ಚಾಳ್‌ನಲ್ಲಿ ಒಂದೇ ಕೋಣೆ. ಅಡುಗೆ, ಮಲಗೋದು, ಓದೋದು ಎಲ್ಲ ಅಲ್ಲೇ. ಹುಡುಗ ಬೇಗ ಮಲಗುತ್ತಿದ್ದ. ತಂದೆ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು, ಮಗನನ್ನು ಎಬ್ಬಿಸಿ ಓದಲು ಕೂರಿಸಿ, ಆ ಜಾಗದಲ್ಲಿ ತಾವು ಮಲಗುತ್ತಿದ್ದರು. ಊರೆಲ್ಲ ಮಲಗಿದ ಮೇಲೆ ಆ ಮನೆಯಲ್ಲಿ ದೀಪ ಉರಿಯುತ್ತಿತ್ತು.

ಭೀಮರಾವ್‌ಗೆ ಪಠ್ಯಪುಸ್ತಕ ಮಾತ್ರ ಸಾಲುತ್ತಿರಲಿಲ್ಲ. ಬೇರೆ ಪುಸ್ತಕಗಳೂ ಬೇಕಿತ್ತು. ತಂದೆಯ ಹತ್ತಿರ ಪಿಂಚಣಿ ಬಿಟ್ಟರೆ ಏನೂ ಇಲ್ಲ. ಆದರೂ ಅವರು ಇಲ್ಲ ಅನ್ನಲಿಲ್ಲ. ಮುಂಬಯಿಯಲ್ಲೇ ಇದ್ದ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಕೈಸಾಲ ಕೇಳುತ್ತಿದ್ದರು. ಅಲ್ಲೂ ದುಡ್ಡಿಲ್ಲದಿದ್ದರೆ ಮಗಳ ಒಡವೆ ತಂದು ಗಿರವಿ ಇಟ್ಟು ಪುಸ್ತಕ ಕೊಡಿಸುತ್ತಿದ್ದರು. ಪಿಂಚಣಿ ಬಂದ ಮೇಲೆ ಬಿಡಿಸಿ ವಾಪಸ್ ಕೊಡುತ್ತಿದ್ದರು. ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ಶಾಲೆ ಬಿಟ್ಟ ಮೇಲೆ ಹುಡುಗ ಚರ್ನಿ ರೋಡ್ ತೋಟದಲ್ಲಿ ಕೂತು ಓದುತ್ತಿದ್ದ. ಅದನ್ನು ನೋಡಿದ ಕೇಳೂಸ್ಕರ್ ಎಂಬ ಗುರುಗಳು ಅವನಿಗೆ ಪುಸ್ತಕ ಕೊಡತೊಡಗಿದರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ಸನ್ಮಾನ ಸಭೆ ನಡೆಯಿತು. ಅಲ್ಲಿ ಕೇಳೂಸ್ಕರರು ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಉಡುಗೊರೆ ಕೊಟ್ಟರು. ಅದಾಗಿ 49 ವರ್ಷಕ್ಕೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಅಂಬೇಡ್ಕರರು ಬೌದ್ಧ ಧರ್ಮ ಸ್ವೀಕರಿಸಿದರು. ಒಂದು ಪುಸ್ತಕ ಬೀಜದ ಹಾಗೆ, ಯಾವಾಗ ಮೊಳೆಯುತ್ತೆ ಹೇಳೋಕಾಗಲ್ಲ.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಊಟದ ಖರ್ಚು ಉಳಿಸಿ ಹಳೇ ಪುಸ್ತಕದಂಗಡಿಗಳಲ್ಲಿ ಸುಮಾರು 2000 ಪುಸ್ತಕ ಕೊಂಡರಂತೆ. ಆಮೇಲೆ ಲಂಡನ್‌ನಲ್ಲಿ ಓದು. 1917ರಲ್ಲಿ ಭಾರತಕ್ಕೆ ಮರಳಿದಾಗ ಅವರ ಸಾಮಾನು, ಪುಸ್ತಕ ಬೇರೆ ಹಡಗಿನಲ್ಲಿ ಬರುತ್ತಿದ್ದವು. ಆಗ ಮೊದಲನೇ ಮಹಾಯುದ್ಧ. ಜರ್ಮನಿಯವರು ಆ ಹಡಗನ್ನು ಮುಳುಗಿಸಿಬಿಟ್ಟರು. ಹೊಟ್ಟೆ ಕಟ್ಟಿ ಕೂಡಿಸಿದ್ದು ನೀರು ಪಾಲಾಯಿತು. ಬೇರೆಯವರಾಗಿದ್ದರೆ ಸಾಕಪ್ಪಾ ಅಂತಿದ್ದರು. ಇವರು 1920ರಲ್ಲಿ ಮತ್ತೆ ಲಂಡನ್‌ಗೆ ಹೋಗಿ ಅಲ್ಲಿನ ಗ್ರಂಥಾಲಯಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು ಓದಿದರು. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಅವರ ಗ್ರಂಥ ಪ್ರಕಟವಾಯಿತು.

ಇಂಥ ದೊಡ್ಡವರು ಕಾನೂನು, ಅರ್ಥಶಾಸ್ತ್ರ ಮಾತ್ರ ಓದುತ್ತಿದ್ದರು ಅಂದುಕೊಂಡಿದ್ದೆ. ಅದು ತಪ್ಪು. ಟಾಲ್‌ಸ್ಟಾಯ್ ಅವರ ಜೀವನ ಚರಿತ್ರೆ, ವಿಕ್ಟರ್ ಹ್ಯೂಗೋ ಬರೆದ ‘ಲೆ ಮಿಸರಾಬ್ಲ್’, ಥಾಮಸ್ ಹಾರ್ಡಿಯ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ ಇವು ಓದಿ ಅವರು ಕಣ್ಣೀರು ಹಾಕಿದ್ದರಂತೆ. ಹ್ಯೂಗೋ ಕಾದಂಬರಿಯಲ್ಲಿ ರೊಟ್ಟಿ ಕದ್ದವನೊಬ್ಬ 19 ವರ್ಷ ಜೈಲಿನಲ್ಲಿರುತ್ತಾನೆ. ಹಾರ್ಡಿಯ ಕಥೆಯಲ್ಲಿ ಒಬ್ಬ ಕುರುಬ ಒಂದೇ ರಾತ್ರಿ ತನ್ನ ಕುರಿಗಳನ್ನೆಲ್ಲ ಕಳಕೊಳ್ಳುತ್ತಾನೆ. ಕಬೀರರ ಪದಗಳು ಅವರಿಗೆ ಮನೆಯಿಂದಲೇ ಬಂದವು, ಯಾಕಂದ್ರೆ ತಂದೆ ಕಬೀರ ಪಂಥದವರು. ಬುದ್ಧ, ಕಬೀರ, ಜ್ಯೋತಿಬಾ ಫುಲೆ ಈ ಮೂವರನ್ನು ಅವರು ಗುರುಗಳೆಂದು ತಿಳಿದಿದ್ದರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಲು ಬಿಡದೆ ಪರ್ಷಿಯನ್ ತಗೊಳ್ಳುವಂತೆ ಮಾಡಿದ್ದರು. ದೊಡ್ಡವರಾದ ಮೇಲೆ ಹಟ ಹಿಡಿದು ಸಂಸ್ಕೃತವನ್ನೂ ಕಲಿತರು.

ಮುಂದೆ ಮುಂಬಯಿಯ ದಾದರ್‌ನಲ್ಲಿ ‘ರಾಜಗೃಹ’ ಎಂಬ ಮನೆ ಕಟ್ಟಿಸಿದರು. ಒಂದೇ ಕೋಣೆಯಲ್ಲಿ ಬೆಳೆದ ಹುಡುಗ ಪುಸ್ತಕಗಳಿಗೋಸ್ಕರ ಮನೆ ಕಟ್ಟಿಸಿದ! 1946ರಲ್ಲಿ ಅವರು ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಶುರು ಮಾಡಿದರು. ತಮಗೆ ಸಿಕ್ಕಿದ ಓದು ಬೇರೆಯವರಿಗೂ ಸಿಗಲಿ ಅಂತ. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು. ಹಿಂದಿನ ರಾತ್ರಿಯೂ ಬುದ್ಧನ ಬಗ್ಗೆ ತಾವು ಬರೆದ ಗ್ರಂಥದ ಮುನ್ನುಡಿ ನೋಡುತ್ತಿದ್ದರು. ಆ ಗ್ರಂಥ 1957ರಲ್ಲಿ ಹೊರಬಂತು.

ಈಗ ನನ್ನ ಮಾತು. ನಮ್ಮಕ್ಕ ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಮುಂದೆ ಓದಲಿಲ್ಲ. ಮನೆಯಲ್ಲಿ ಇಬ್ಬರನ್ನು ಓದಿಸೋಕೆ ಆಗಲ್ಲ ಅಂದರು. ಅವಳು ಬಟ್ಟೆ ಹೊಲಿಯುತ್ತಾಳೆ. ನನ್ನ ನೋಟ್‌ಬುಕ್ಕು, ಪೆನ್ನು, ಜಾಮಿಟ್ರಿ ಬಾಕ್ಸು ಎಲ್ಲ ಅವಳ ದುಡ್ಡಿನದು. ನಾನು ಬೀರುವಿನಿಂದ ಕಥೆ ಪುಸ್ತಕ ತಂದಾಗ ಮಿಷನ್ನಿನ ಮುಂದಿನಿಂದಲೇ ಅದೇನು ಪುಸ್ತಕ ಅಂತ ಕೇಳ್ತಿದ್ದಳು. ನಿನಗ್ಯಾಕೆ ಬಿಡಕ್ಕ ಅಂತಿದ್ದೆ. ಒಡವೆ ಕೊಟ್ಟ ಅಕ್ಕಂದಿರ ಕಥೆ ಓದಿದ ಮೇಲೆ ನನಗೆ ನಾಚಿಕೆಯಾಯಿತು.

ಗುರುಗಳನ್ನು ಕೇಳಿದೆ. ನನ್ನ ಹೆಸರಿನಲ್ಲೇ ಬರೆಸಿ ಅಕ್ಕನಿಗೂ ಪುಸ್ತಕ ಒಯ್ಯಬಹುದು, ಹರಿಯಬಾರದು ಅಷ್ಟೇ ಅಂದರು. ಈ ಜೀವನ ಚರಿತ್ರೆ ಈಗ ಅವಳ ಹತ್ತಿರ ಇದೆ. ರಾತ್ರಿ ಹೊಲಿಗೆ ಮುಗಿಸಿ ಓದುತ್ತಾಳೆ, ಅರ್ಧ ಆಗಿದೆ.

ನಿಮ್ಮ ಮನೆಯಲ್ಲೂ ಶಾಲೆ ಬಿಟ್ಟ ಅಕ್ಕ, ಅಣ್ಣ ಇದ್ದರೆ ಒಂದು ಪುಸ್ತಕ ಒಯ್ಯಿರಿ. ತಪ್ಪಿದ್ದರೆ ಕ್ಷಮಿಸಿ.

— 9ನೇ ತರಗತಿ ವಿದ್ಯಾರ್ಥಿ